ಗುಜರಿಗೆ ಬಿದ್ದ ರುಬಿಡಿಯಂ

ಬೀಗ ಇರಲಿಲ್ಲ. ಬೀಗದ ಮಾತು ಹಾಗಿರಲಿ, ಬಾಗಿಲೇ ಇರಲಿಲ್ಲ. ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆಂದು ಹೊರಗೂರಿಗೆ ಹೋಗಿದ್ದ ನಾನು ವಾರದ ಮೇಲೆ ಕಾಲೇಜಿಗೆ ಬಂದರೆ, ನಮ್ಮ ರಸಾಯನಶಾಸ್ತ್ರ ವಿಭಾಗದ ಉಗ್ರಾಣದಲ್ಲಿ ಇಬ್ಬರು ಏಣಿ ಹಾಕಿಕೊಂಡು ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಹಳೆಯ ತಕ್ಕಡಿಗಳಿಲ್ಲ, ಬ್ಯೂರೆಟ್ಟುಗಳ ಪೆಟ್ಟಿಗೆಯಿಲ್ಲ, ಮರದ ಕಪಾಟುಗಳಿಲ್ಲ. ಮೂಲೆಯ ಗೋಡೆಗೂಡು ಖಾಲಿ. ಅದರೊಳಗೆ ನಾನೇ ಬೀಗ ಹಾಕಿಟ್ಟಿದ್ದ ತಗಡಿನ ಡಬ್ಬಿಯೂ ಇಲ್ಲ.

ಅಂಗಳದಲ್ಲಿ ಸಿಕ್ಕ ಅಟೆಂಡರನನ್ನು ಕೇಳಿದೆ.

"ಸ್ಮಾರ್ಟ್ ಕ್ಲಾಸ್ ಮಾಡ್ತಾರಂತ್ರಿ ಮೇಡಂ. ಹಳೇ ಸಾಮಾನೆಲ್ಲಾ ಗುಜರಿಗೆ ಹಾಕ್ಯಾರ."

"ಗೋಡಿ ಗೂಡಿಗೆ ಬೀಗ ಇತ್ತಲ್ಲಾ?"

"ಪ್ರಿನ್ಸಿಪಾಲ್ ಸರ್ ಒಡೀ ಅಂದ್ರು. ಒಡದೆ." ಆತ ನನ್ನ ಮುಖ ನೋಡದೆ ನೆಲ ನೋಡಿದ. "ನಿಮಗೊಂದು ಫೋನ್ ಹಚ್ಚಲೇನ್ರಿ ಅಂತನೂ ಕೇಳಿದ್ನಿ. ಬ್ಯಾಡ ಅಂದ್ರು."

ಆ ಡಬ್ಬಿಯಲ್ಲಿ ಇದ್ದದ್ದು ರುಬಿಡಿಯಂ. ಹೆಬ್ಬೆರಳಿನಷ್ಟು ದಪ್ಪದ, ಎರಡೂ ತುದಿಯನ್ನು ಕರಗಿಸಿ ಮುಚ್ಚಿದ ಗಾಜಿನ ನಳಿಕೆಯೊಳಗೆ ಬೆಳ್ಳಿಯಂತೆ ಹೊಳೆಯುವ ಒಂದಿಷ್ಟು ಲೋಹ. ನಮ್ಮ ವಿಭಾಗದ ಹಿಂದಿನ ಮುಖ್ಯಸ್ಥರು ಹಟ ಹಿಡಿದು ತರಿಸಿದ್ದು. ಸೋಡಿಯಂ, ಪೊಟ್ಯಾಶಿಯಂಗಳನ್ನು ಎಣ್ಣೆಯಲ್ಲಿ ಮುಳುಗಿಸಿಡುವುದನ್ನು ವಿಜ್ಞಾನ ಓದಿದವರೆಲ್ಲ ನೋಡಿರುತ್ತಾರೆ. ರುಬಿಡಿಯಂ ಅದೇ ಮನೆತನದ್ದು, ಅವುಗಳಿಗಿಂತ ಕೆಳಗಿನ ಮೆಟ್ಟಿಲಿನದು. ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ. ಹೊರಗಿನ ಒಂಟಿ ಎಲೆಕ್ಟ್ರಾನಿನ ಮೇಲೆ ನಡುವಿನ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಾಗುತ್ತದೆ. ಆ ಎಲೆಕ್ಟ್ರಾನನ್ನು ಯಾರು ಕೇಳಿದರೂ ಅದು ಕೊಟ್ಟುಬಿಡುತ್ತದೆ. ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರು ತಾಗಿದರೆ ಸಿಡಿಯುತ್ತದೆ. ಸೋಡಿಯಂ ಚೂರು ನೀರಿನ ಮೇಲೆ ತೇಲುತ್ತ ಓಡಾಡಿ ಉರಿಯುತ್ತದೆ, ನೋಡಲು ಚೆಂದ. ರುಬಿಡಿಯಂ ನೀರಿಗಿಂತ ಭಾರ. ಅದು ಮುಳುಗಿ, ಅಡಿಯಿಂದ ಸಿಡಿದು, ಪಾತ್ರೆಯನ್ನೇ ಚೂರು ಮಾಡುತ್ತದೆ. ಅದಕ್ಕಾಗಿಯೇ ಆ ನಳಿಕೆಯಲ್ಲಿ ಗಾಳಿಯೂ ಇರಲಿಲ್ಲ. ಯಾವುದರ ಜೊತೆಗೂ ಬೆರೆಯದ ಆರ್ಗಾನ್ ತುಂಬಿ ಮುಚ್ಚಿದ್ದರು.

ಇನ್ನೊಂದು ಗುಣವಿದೆ. ಅದು ಮೂವತ್ತೊಂಬತ್ತು ಡಿಗ್ರಿ ದಾಟಿದರೆ ಕರಗುತ್ತದೆ. ಬೇರೆ ಊರಿನಲ್ಲಿ ಅದು ಪುಸ್ತಕದೊಳಗಿನ ಸಂಗತಿ. ವಿಜಯಪುರದ ಏಪ್ರಿಲ್‌ನಲ್ಲಿ ಹಾಗಲ್ಲ. ಬೆಳಗಿನ ಪ್ರಾಕ್ಟಿಕಲ್‌ಗೆ ಬಂದ ಹುಡುಗಿಯರಿಗೆ ನಾನು ಗಟ್ಟಿ ಲೋಹ ತೋರಿಸುತ್ತಿದ್ದೆ. ಊಟ ಮುಗಿಸಿ ಬಂದ ತಂಡಕ್ಕೆ ಅದೇ ನಳಿಕೆಯನ್ನು ವಾಲಿಸಿದರೆ ಪಾದರಸದಂತೆ ಅತ್ತಿತ್ತ ಹರಿಯುತ್ತಿತ್ತು.

ನಮ್ಮ ಪ್ರಾಚಾರ್ಯರು ವಾಣಿಜ್ಯ ವಿಭಾಗದಿಂದ ಬಂದವರು. ಇದಿಷ್ಟನ್ನೂ ನಿಂತುಕೊಂಡೇ ಹೇಳಿದೆ. ಅವರು ಮೊಬೈಲ್ ನೋಡುತ್ತ ಕೇಳಿಸಿಕೊಂಡರು.

"ಮೇಡಂ, ಒಂದು ನಳಿಗಿ ಹೋತಂತ ಇಷ್ಟ ಒದರಿದ್ರ ಹೆಂಗ್ರಿ? ಸ್ಟಾಕಿನಾಗಿಂದ ತಗದು ಹಾಕೂಣು."

"ಸ್ಟಾಕ್ ಹಾಳಾಗಿ ಹೋಗ್ಲಿ ಸರ್. ಯಾರರ ಅದನ್ನ ಒಡದ್ರ ಕಣ್ಣು ಹೋಗ್ತಾವು. ಕೈ ಹೋಗ್ತಾವು."

"ಒಡದವರ ಜವಾಬ್ದಾರಿ ಅದು. ಮಾರಿದ ಮ್ಯಾಲ ನಮ್ದೇನು?"

ಈ ಮಾತು ಕೇಳಿದ ಮೇಲೆ ನನ್ನ ಕಿವಿ ಬಿಸಿಯಾದದ್ದು ಇಂದಿಗೂ ನೆನಪಿದೆ. ಆ ಮನುಷ್ಯನ ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಪ್ರಯೋಗಾಲಯಕ್ಕೆ ಬಂದು ಒಂದು ಕೈಚೀಲ ತುಂಬಿಕೊಂಡೆ. ಮುಚ್ಚಳ ಬಿಗಿಯಾಗುವ ತಗಡಿನ ಡಬ್ಬಿ, ಒಲೆಯ ಮೇಲೆ ಕಾಯಿಸಿ ಪಸೆ ಹಾರಿಸಿದ ಒಣ ಉಸುಕಿನ ಚೀಲ, ಕಣ್ಣಿಗೆ ಹಾಕುವ ಕನ್ನಡಕ, ದಪ್ಪ ತೊಗಲಿನ ಕೈಗವಸು. ಗುಜರಿಯವನ ವಿಳಾಸ ಕೊಟ್ಟವನು ಅಟೆಂಡರ್.

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಎರಡು ಆಟೊ ಎದುರುಬದುರಾದರೆ ನಡೆಯುವವರಿಗೆ ಜಾಗವಿಲ್ಲ. ಗುಜರಿ ಅಂಗಡಿಯ ಮುಂದೆ ನಮ್ಮ ತಕ್ಕಡಿಗಳು ಬಿಸಿಲಿಗೆ ಬಿದ್ದಿದ್ದವು. ಮಾಲಕ ಕುರ್ಚಿಯಿಂದ ಏಳದೆಯೇ, "ಡಬ್ಬಿ ಐತ್ರಿ, ಒಳಗಿಂದು ಹೋತು" ಎಂದ. ಡಬ್ಬಿಯನ್ನು ಒದ್ದು ಮುಂದೆ ತಳ್ಳಿದ. ಅದರ ಮೇಲಿನ ಬೆಂಕಿಯ ಚಿತ್ರ, ಅದರಡಿಯ ಕೆಂಪು ಅಕ್ಷರ ಎಲ್ಲವೂ ಹಾಗೇ ಇದ್ದವು.

"ಎಲ್ಲಿ ಹೋತು?"

"ಪಾದರಸ ಇರ್ಬೇಕಂತ ತಿಳಕೊಂಡೆ. ಟಿಕೋಟಾದಾಂವ ಒಬ್ಬಾಂವ ಪ್ಲಾಸ್ಟಿಕ್ ಡ್ರಮ್ ತಗೊಳ್ಳಾಕ ಬಂದಿದ್ದ, ಒಣದ್ರಾಕ್ಷಿ ಶೆಡ್ಡಿನಾಂವ. ನೋಡಿ ಹುಚ್ಚಾಗಿ ತಗೊಂಡು ಹ್ವಾದ."

"ಇಷ್ಟು ದೊಡ್ಡ ಬೆಂಕಿ ಚಿತ್ರ ಐತಿ, ಕಾಣ್ಲಿಲ್ಲೇನು ನಿಮಗ?"

ಆತನಿಗೂ ಸಿಟ್ಟು ಬಂತು. ಕುರ್ಚಿಯಿಂದ ಎದ್ದ. "ಚಿತ್ರ ಎಲ್ಲಾ ಡಬ್ಬಿ ಮ್ಯಾಲೂ ಇರ್ತಾವ್ರಿ ಅಕ್ಕಾರ. ಕಲತವ್ರು ನೀವು. ನಿಮ್ಮ ಕಾಲೇಜಿನವ್ರು ತೂಕಕ್ಕ ಹಾಕಿದ್ರು, ನಾ ತೂಕಕ್ಕ ತಗೊಂಡೆ. ಇದರಾಗ ಹಿಂತಾದ್ದೈತಿ, ನೋಡಕೋರಿ ಅಂತ ಒಬ್ರರ ಅಂದ್ರೇನು?"

ಬೈಯಲು ಬಂದವಳು ಬೈಸಿಕೊಂಡು, ಶೆಡ್ಡಿನವನ ಫೋನ್ ನಂಬರ್ ಪಡೆದು ಟಿಕೋಟಾ ಬಸ್ಸು ಹತ್ತಿದೆ. ಬಸ್ಸಿನ ಕಿಟಕಿಯಿಂದ ಬರುತ್ತಿದ್ದದ್ದು ಒಲೆಯ ಮುಂದಿನ ಗಾಳಿ. ಇಷ್ಟು ಬಿಸಿಲಿಗೆ ಆ ಲೋಹ ಎಲ್ಲಿದ್ದರೂ ಈಗ ನೀರಾಗಿರುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಗಟ್ಟಿಯಿದ್ದಾಗ ನಳಿಕೆ ಒಡೆದರೆ ಅದು ಒಂದೇ ಉಂಡೆ. ಹೊರಮೈ ಹೊತ್ತಿಕೊಂಡರೂ ಓಡಿಹೋಗಲು ಒಂದು ಕ್ಷಣ ಸಿಗುತ್ತದೆ. ಕರಗಿದ್ದಾಗ ಒಡೆದರೆ ನೂರು ಹನಿ, ನೂರು ಕಿಡಿ.

ಶೆಡ್ಡು ಊರ ಹೊರಗಿತ್ತು. ಮೇಲೆ ತಗಡು, ಸುತ್ತ ಹಸಿರು ಬಲೆ, ಒಳಗೆ ಹಂತಹಂತವಾಗಿ ಕಟ್ಟಿದ ಜಾಳಿಗೆಗಳ ಮೇಲೆ ಹರವಿದ ದ್ರಾಕ್ಷಿ. ಬಾಗಿಲ ಹತ್ತಿರ, ದ್ರಾಕ್ಷಿ ಗೊಂಚಲು ಅದ್ದುವ ದೊಡ್ಡ ತೊಟ್ಟಿಗಳಲ್ಲಿ ನೀರು. ಹೆಂಗಸರು ಕುಳಿತು ಒಣಗಿದ್ದನ್ನು ಆರಿಸುತ್ತಿದ್ದರು. ಮಾಲಕ ಇರಲಿಲ್ಲ. ಅವನ ತಾಯಿ ಇದ್ದಳು, ತಲೆತುಂಬ ಸೆರಗು ಹೊದ್ದ ಗಟ್ಟಿ ಮುದುಕಿ. ನಳಿಕೆಯ ಮಾತೆತ್ತಿದ ಕೂಡಲೇ ಅವಳ ಮುಖ ಅರಳಿತು.

"ಅದನ್ನ ನೋಡಾಕ ವಿಜಾಪುರದಿಂದ ಬಂದಿ ಏನ ಯವ್ವಾ? ದಿನಾ ಮಂದಿ ಬರಾಕತ್ತಾರ. ಮುಂಜಾನೆ ಬೆಳ್ಳಿ ಗಟ್ಟಿ ಇದ್ದಂಗ ಇರ್ತಿತ್ತು. ಹೊತ್ತು ಏರಿದಂಗ ತಾನ ಕರಗಿ ಗಂಗಿ ಆಗ್ತಿತ್ತು. ಸಂಜೀಕ ಮತ್ತ ಕಟ್ಟತಿತ್ತು. ದೇವ್ರಲ್ಲದ ಮತ್ತ್ಯಾರು ಹಂಗ ಮಾಡ್ತಾರು?"

ಅವಳು ಜಾಗ ತೋರಿಸಿದಳು. ತೊಟ್ಟಿಯ ನೆತ್ತಿಯ ಮೇಲಿನ ಗೋಡೆಯಲ್ಲಿ ಒಂದು ಹಲಗೆ. ಅದರ ಮೇಲೆ ಅರಿಷಿಣ, ಕುಂಕುಮ, ಬಾಡಿದ ಸೇವಂತಿಗೆ. ಹಲ್ಲಿಯೊಂದು ಓಡಾಡಿ ನಳಿಕೆ ಉರುಳಿದ್ದರೂ ತೊಟ್ಟಿಯ ಅಂಚಿಗೆ ಬಡಿದು ಒಡೆದು ನೀರಿಗೆ ಬೀಳುತ್ತಿತ್ತು. ತೊಟ್ಟಿಯ ಸುತ್ತ ಕುಳಿತಿದ್ದವರು ಇದೇ ಹೆಂಗಸರು.

"ಈಗ ಎಲ್ಲೈತಿ ಆಯಿ?"

"ನನ್ನ ಮಗ ಬಬಲೇಶ್ವರಕ್ಕ ಒಯ್ದಾನ. ಅಲ್ಲಿನ ನಮ್ಮ ಪತ್ತಾರ ಅದನ್ನ ಕಟ್ಟಿದ ಪಾದರಸ ಇರ್ಬೇಕಂತ ಅಂದಾನಂತ. ಯಾರೋ ಸಿದ್ಧರು ಗಟ್ಟಿ ಮಾಡಿದ್ದು, ಬಾಳ ಬೆಲೆ ಅಂತ. ಗಾಜು ಒಡದು ನೋಡ್ತೇವಿ ಅಂದ್ರು. ನಾ ಒಡೀಬ್ಯಾಡ್ರಿ ಅಂದೆ. ಕೇಳ್ಬೇಕಲ್ಲಾ?"

ಪತ್ತಾರ ಎಂದರೆ ಅಕ್ಕಸಾಲಿ. ಅಕ್ಕಸಾಲಿಯ ಕೈಯಳತೆಯಲ್ಲಿ ಏನೇನಿರುತ್ತದೆ ಎಂಬುದು ಗೊತ್ತಿದ್ದವರಿಗೆ ನನ್ನ ಹೆದರಿಕೆ ಅರ್ಥವಾದೀತು. ಅಗ್ಗಿಷ್ಟಿಕೆಯಲ್ಲಿ ಕೆಂಡ, ಪಕ್ಕದಲ್ಲಿ ಬಿಸಿ ಬಂಗಾರ ಅದ್ದಲು ನೀರಿನ ಬಟ್ಟಲು. ತಕ್ಷಣ ಮಗನಿಗೆ ಫೋನ್ ಹಚ್ಚಿದೆ. ಬಸ್ಸಿನಲ್ಲಿ ಎರಡು ಸಲ ಹಚ್ಚಿದಾಗ ಎತ್ತದಿದ್ದ ಆತ ಈಗ ಎತ್ತಿದ. ನಾನು ಯಾರು, ಏನು ಎಂದು ನೆಟ್ಟಗೆ ಹೇಳದೆ ಕಿರುಚಿದೆ: "ಅದನ್ನ ಮುಟ್ಟಬ್ಯಾಡ್ರಿ! ನಮ್ಮ ಕಾಲೇಜಿಂದದು. ಅಲ್ಲೇ ಇಡ್ರಿ, ನಾ ಬರಾಕತ್ತೇನಿ!"

ಆತ ಮೆಲ್ಲಗೆ, "ಓಹೋ. ಬೆಲೆ ಗೊತ್ತಾದ ಮ್ಯಾಲ ನಿಮ್ಮದಾತೇನು?" ಎಂದು ಫೋನ್ ಇಟ್ಟ. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಒದರಿ, ನಿಧಾನವಾಗಿ ಆಗಬಹುದಾಗಿದ್ದ ಕೆಲಸವನ್ನು ನಾನೇ ಅವಸರಕ್ಕೆ ದೂಡಿದ್ದೆ. ಅವರು ಈಗ ನಾನು ತಲುಪುವ ಮೊದಲೇ ಒಡೆದು ನೋಡಲು ಹೊರಡುತ್ತಾರೆ.

ಬಬಲೇಶ್ವರಕ್ಕೆ ಹೊರಟಿದ್ದ ಜೀಪಿನಲ್ಲಿ ಆಗಲೇ ಮಂದಿ ಒಬ್ಬರ ಮೇಲೊಬ್ಬರು ಕುಳಿತಿದ್ದರು. ಅಂದು ಅಲ್ಲಿ ಸಂತೆ. ಡ್ರೈವರನಿಗೆ ಕೈ ಮುಗಿದು ಮುಂದೆ ಜಾಗ ಮಾಡಿಸಿಕೊಂಡೆ. ದಾರಿಯುದ್ದಕ್ಕೂ ಆತ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡ. ಒಬ್ಬಳು ಕೋಳಿ ಬುಟ್ಟಿ ತಂದಳು, ಅದನ್ನು ಮೇಲೆ ಕಟ್ಟುವ ತನಕ ನಿಂತೆವು. "ಜಲ್ದಿ ಬಿಡ್ರಿ ಅಣ್ಣಾ" ಎಂದು ನಾನು ಹೇಳಿದಾಗೆಲ್ಲ ಆತ "ಬಿಟ್ನಿ ಬಿಟ್ನಿ" ಎನ್ನುತ್ತಿದ್ದ. ಆ ದಿನ ನಾನು ಯಾರ ಮೇಲೆ ಸಿಟ್ಟಾಗಲಿಲ್ಲ ಎಂದು ಕೇಳಿದರೆ ಆ ಕೋಳಿಗಳ ಹೆಸರು ಹೇಳಬಹುದೇನೋ.

ಅಕ್ಕಸಾಲಿಯ ಅಂಗಡಿ ಸಂತೆ ಬಯಲಿನ ಅಂಚಿಗಿತ್ತು. ಒಂದೇ ಖೋಲಿ, ಬಾಗಿಲಲ್ಲಿ ನಾಲ್ಕೈದು ಜನ ಇಣುಕುತ್ತಿದ್ದರು. ಅವರನ್ನು ಸರಿಸಿ ಒಳಗೆ ಹೋದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಅರವತ್ತರ ಆಸುಪಾಸಿನ ಅಕ್ಕಸಾಲಿ ಮರದ ದಿಮ್ಮಿಯ ಮುಂದೆ ಕುಳಿತಿದ್ದ. ದಿಮ್ಮಿಯ ಮೇಲೆ ನಳಿಕೆ. ಲೋಹ ಪೂರ್ತಿ ಕರಗಿ ಥಳಥಳ ಎನ್ನುತ್ತಿತ್ತು. ನಳಿಕೆಯ ಕೊರಳಿಗೆ ಆತ ಅರದಿಂದ ಆಗಲೇ ಒಂದು ಗೀರು ಹಾಕಿದ್ದ. ಇನ್ನೊಂದು ಗೀರು ಎಳೆದು, ಒಂದು ಪೆಟ್ಟು ಕೊಟ್ಟರೆ ಮುಗಿಯಿತು. ಎಡಗೈ ಹತ್ತಿರವೇ ನೀರಿನ ಬಟ್ಟಲು.

ಶೆಡ್ಡಿನ ಮಾಲಕ ಪಕ್ಕದಲ್ಲೇ ಇದ್ದ. ನನ್ನ ಕೈಚೀಲ ನೋಡಿದವನೇ ಅಡ್ಡ ನಿಂತ.

"ಬಂದ್ರಿ? ಗುಜರಿಗೆ ಹಾಕೂ ಮುಂದ ಗೊತ್ತಿರ್ಲಿಲ್ಲೇನು ಇದು ಏನಂತ? ನಾ ರೊಕ್ಕಾ ಕೊಟ್ಟು ತಗೊಂಡೇನಿ. ನಿಮಗ ಕೊಡಂಗಿಲ್ಲ."

"ಅದು ಸಿಡಿತೈತ್ರಿ. ನಿಮ್ಮ ಕಣ್ಣು ಹೋಗ್ತಾವು."

"ಹೌದ್ರೀ, ಬೆಲೆಬಾಳೂದೆಲ್ಲಾ ಬಡವರ ಕೈಯಾಗ ಬಂದ್ರ ಸಿಡಿತೈತಿ." ಬಾಗಿಲಲ್ಲಿದ್ದವರು ನಕ್ಕರು.

ಬಾಯಿ ತೆರೆದೆ. ಇನ್ನೊಮ್ಮೆ ಕಿರುಚಲೇ ತೆರೆದದ್ದು. ಅಷ್ಟರಲ್ಲಿ ಅಕ್ಕಸಾಲಿಯ ಕೈ ಕಂಡಿತು. ಅರ ಹಿಡಿದಿದ್ದರೂ ಆತ ಮುಂದುವರಿದಿರಲಿಲ್ಲ. ನನ್ನ ಮಾತಿಗೆ ಕಿವಿಗೊಟ್ಟಿದ್ದ. ಅಪಾಯ ಎಂದು ನಾನು ಎಷ್ಟು ಸಲ ಹೇಳಿದರೂ ಇಲ್ಲಿ ಅದಕ್ಕೆ ಒಂದೇ ಅರ್ಥ: ಇವಳಿಗೆ ಅದು ಬೇಕು. ಆ ಮಾತನ್ನೇ ಬಿಟ್ಟುಬಿಡುವುದೆಂದು ಅಲ್ಲಿ ನಿಂತಲ್ಲೇ ನಿರ್ಧರಿಸಿದೆ. ಶೆಡ್ಡಿನವನನ್ನು ಬಿಟ್ಟು ಅಕ್ಕಸಾಲಿಯ ಮುಂದೆ ನೆಲದ ಮೇಲೆ ಕುಳಿತೆ.

"ಕಾಕಾ, ನಿಮ್ಮ ಕಡೆ ಪಾದರಸ ಐತೇನ್ರಿ?"

ಆತ ಭೂತಗನ್ನಡಿ ಮೇಲೆತ್ತಿದ. "ಐತಿ. ಯಾಕವಾ?"

"ಇದರಾಗ ಎಷ್ಟೈತೋ ಅಷ್ಟ ಒಂದು ಶೀಶೆದಾಗ ಹಾಕಿ ತೂಗ್ರಿ. ಆಮ್ಯಾಲ ಇದನ್ನ ತೂಗ್ರಿ. ಇದೂ ಪಾದರಸನ ಆಗಿದ್ರ ಒಡೀರಿ. ನಾ ಎದ್ದು ಹೋಗ್ತೀನಿ."

ಪಾದರಸದ ಭಾರ ಅವನಿಗೆ ಹೇಳಿಕೊಡಬೇಕಾದ್ದೇನಿರಲಿಲ್ಲ. ಹುಬ್ಬು ಗಂಟಿಕ್ಕಿ ನಳಿಕೆಯನ್ನು ಎತ್ತಿ ಅಂಗೈ ಮೇಲೆ ಒಮ್ಮೆ ತೂಗಿ ನೋಡಿದ. ಅನುಮಾನ ಅವನ ಮುಖದಲ್ಲಿ ಆಗಲೇ ಮೂಡಿತ್ತು. ಆದರೂ ಗೂಡಿನಿಂದ ಪಾದರಸದ ಶೀಶೆ ತೆಗೆದು, ಒಂದು ಸಣ್ಣ ಗಾಜಿನ ಶೀಶೆಗೆ ನಳಿಕೆಯ ಮಟ್ಟಕ್ಕೆ ಸರಿಯಾಗಿ ಸುರಿದ. ತೂಕದ ಯಂತ್ರದ ಮೇಲೆ ಅದನ್ನಿಟ್ಟು ಅಂಕಿ ನೋಡಿದ. ಇಳಿಸಿ ನಳಿಕೆಯಿಟ್ಟ. ಅಂಕಿ ಪಾತಾಳಕ್ಕಿಳಿಯಿತು. ಒಂದೇ ಅಳತೆಯ ಜಾಗದಲ್ಲಿ ಪಾದರಸ ರುಬಿಡಿಯಂನ ಸುಮಾರು ಒಂಬತ್ತು ಪಟ್ಟು ತೂಗುತ್ತದೆ. ಗಾಜಿನ ಭಾರ ಸೇರಿದ್ದರೂ ಆ ವ್ಯತ್ಯಾಸ ಮುಚ್ಚಿಡಲು ಸಾಧ್ಯವಿರಲಿಲ್ಲ.

"ಲೇ, ಇದು ಪಾದರಸ ಅಲ್ಲೋ," ಎಂದ ಅಕ್ಕಸಾಲಿ. "ಬರೇ ಹಗುರ ಐತಿ."

"ಹಂಗಾರ ಬೆಳ್ಳಿ ಇರ್ಬೇಕು," ಎಂದ ಶೆಡ್ಡಿನವನು.

"ಬೆಳ್ಳಿ ಬಿಸಿಲಿಗೆ ಕರಗಿದ್ರ ನಾ ಯಾಕ ಒಲಿ ಊದಿಕೋತ ಕುಂಡ್ರತಿದ್ದೆ?" ಅಕ್ಕಸಾಲಿ ಅರವನ್ನು ಕೆಳಗಿಟ್ಟ. "ಏನವಾ ಇದು? ನೀ ಹೇಳು."

ಈಗ ಹೇಳಬಹುದಿತ್ತು. ಶೆಡ್ಡಿನವನ ಕಡೆ ತಿರುಗಿದೆ. "ದ್ರಾಕ್ಷಿ ಅದ್ದೂ ನೀರಿಗೆ ನೀವು ಪೊಟ್ಯಾಶಿಯಂ ಕಾರ್ಬೋನೇಟ್ ಹಾಕ್ತೀರಿಲ್ಲೊ? ಆ ಪೊಟ್ಯಾಶಿಯಂನ ದಾಯಾದಿ ಇದು, ರುಬಿಡಿಯಂ. ನಿಮ್ಮ ಪುಡಿಯೊಳಗ ಪೊಟ್ಯಾಶಿಯಂ ಉಪ್ಪಾಗಿ ತಣ್ಣಗ ಕುಂತಿರ್ತೈತಿ. ಇಲ್ಲಿ ಬರೇ ಲೋಹ. ಗಾಳಿ ಕಂಡ್ರ ಉರಿತೈತಿ, ನೀರು ಕಂಡ್ರ ಸಿಡಿತೈತಿ. ನಿಮ್ಮವ್ವ ಇದನ್ನ ತೊಟ್ಟಿ ಮ್ಯಾಲ ಇಟ್ಟು ಪೂಜಿ ಮಾಡ್ಯಾಳ."

ಆತನ ಮುಖದ ಬಣ್ಣ ಬದಲಾಯಿತು. ನಂಬಿದನೋ, ಮೋಸಹೋದೆನೆಂದು ಉರಿದನೋ, ಎರಡೂ ಇದ್ದವು. "ತಗೋರಿ ನಿಮ್ಮ ದರಿದ್ರಾ!" ಎಂದು ನಳಿಕೆಯನ್ನು ಎತ್ತಿ ನನ್ನ ಕಡೆ ಚಾಚಿದ. ಹೆಬ್ಬೆರಳು ಬಿದ್ದದ್ದು ನೇರ ಗೀರಿನ ಮೇಲೆ.

'ಟಕ್' ಎಂದಿತು. ಸಣ್ಣ ಸದ್ದು.

ಕೊರಳು ಮುರಿದ ನಳಿಕೆ ದಿಮ್ಮಿಯ ಮೇಲೆ ಬಿತ್ತು. ಬೆಳ್ಳಿ ಹನಿಗಳು ಚಿಮ್ಮಿದವು, ಚಿಮ್ಮಿದಲ್ಲೇ ಹೊತ್ತಿಕೊಂಡವು. ನೇರಳೆಗೆಂಪು ಬೆಂಕಿ, ಗಂಟಲು ಸುಡುವ ಬಿಳಿ ಹೊಗೆ. ಬಾಗಿಲಲ್ಲಿದ್ದವರು ಚೀರಿ ಓಡಿದರು. ಜೀವಮಾನವೆಲ್ಲ ಬೆಂಕಿಯ ಮುಂದೆ ಕುಳಿತ ಅಕ್ಕಸಾಲಿಯ ಕೈ ತಾನಾಗಿ ನೀರಿನ ಬಟ್ಟಲಿಗೆ ಹೋಯಿತು.

"ನೀರು ಬ್ಯಾಡ!" ಎಂದವಳೇ ಮೊಳಕೈಯಿಂದ ಬಟ್ಟಲನ್ನು ಹೊಡೆದೆ. ಅದು ಹೊಸ್ತಿಲಾಚೆ ಬಿದ್ದು ಉರುಳಿತು. ಉಸುಕಿನ ಚೀಲವನ್ನು ದಿಮ್ಮಿಯ ಮೇಲೆ ಬೋರಲು ಸುರಿದೆ. ಹೊಗೆ ಉಸುಕಿನ ಬಿರುಕುಗಳಿಂದ ಸ್ವಲ್ಪ ಹೊತ್ತು ಎದ್ದು, ನಿಂತಿತು. ಕೈಗವಸು ಹಾಕಿಕೊಂಡು, ಉಳಿದ ಲೋಹವಿದ್ದ ನಳಿಕೆಯ ಬುಡವನ್ನು ಉಸುಕಿನ ಸಮೇತ ಗೋರಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಕನ್ನಡಕ ಚೀಲದಲ್ಲೇ ಉಳಿದಿತ್ತು.

ಆಗ ಅಕ್ಕಸಾಲಿಯ ಕೈ ಕಂಡಿತು. ಎಡಗೈ ಮುಂಗೈಯ ಮೇಲೆ ಎರಡು ಹನಿ ಬಿದ್ದು ತೊಗಲು ಬೆಳ್ಳಗಾಗಿತ್ತು. ಒಣ ಬಟ್ಟೆಯಿಂದ ಮೊದಲು ಚರ್ಮದ ಮೇಲಿದ್ದುದನ್ನೆಲ್ಲ ಒರೆಸಿ ತೆಗೆದೆ. ಆಮೇಲೆ, "ಈಗ ನೀರು ತರ್ರಿ, ಬಕೀಟಗಟ್ಟಲೆ ತರ್ರಿ!" ಎಂದೆ.

ನೋವಿನಲ್ಲೂ ಆತ ನನ್ನನ್ನು ದಿಟ್ಟಿಸಿದ. "ಈಗಷ್ಟ ಬ್ಯಾಡಂದಿ?"

"ಲೋಹಕ್ಕ ಬ್ಯಾಡ ಕಾಕಾ. ಅದು ಹ್ವಾದ ಮ್ಯಾಲ ಉಳಿಯೂದು ಕ್ಷಾರ, ಸುಣ್ಣಕ್ಕಿಂತ ಕೆಟ್ಟದ್ದು. ಅದು ನೀರಿಗೆ ಹೋಗ್ತೈತಿ."

ಶೆಡ್ಡಿನವನು ಓಡಿ ಓಡಿ ನೀರು ತಂದ. ಸಂತೆಯವರೂ ಕೊಡ ಕೊಟ್ಟರು. ನನ್ನ ತೋಳು ಸೋಲುವ ತನಕ ಸುರಿದೆವು. ಅಲ್ಲಿಂದ ಆಸ್ಪತ್ರೆಗೆ. ಡಾಕ್ಟರು "ಆ್ಯಸಿಡ್ಡಾ?" ಎಂದು ಕೇಳಿದರು; ಅಲ್ಲ, ತೀಕ್ಷ್ಣ ಕ್ಷಾರ ಎಂದು ಹೇಳಿದೆ. ಗಾಯ ಆಳವಿತ್ತು, ಆದರೆ ಬೆರಳುಗಳಾಡುತ್ತಿದ್ದವು. ಬಟ್ಟೆ ಸುತ್ತಿಸಿಕೊಳ್ಳುತ್ತ ಅಕ್ಕಸಾಲಿ ಒಂದೇ ಮಾತು ಕೇಳಿದ: "ಲಗ್ನದ ಸೀಜನ್ನು. ಎಡಗೈ ಇಲ್ಲದ ನಾ ಹೆಂಗ ಕೆಲಸ ಮಾಡ್ಲಿ?"

ನಾನು ಡಬ್ಬಿ ಎತ್ತಿಕೊಂಡು ಎದ್ದೆ.

ಹೊರಗೆ ಬೇವಿನ ಮರದ ಕೆಳಗೆ ಶೆಡ್ಡಿನವನು ನಿಂತಿದ್ದ. ಕೂಗಾಟವೆಲ್ಲ ಇಳಿದುಹೋಗಿತ್ತು. "ಮೇಡಂ, ನಮ್ಮವ್ವ ಅದಕ್ಕ ದಿನಾ ಹೂವು ಏರಿಸ್ಯಾಳ. ಊರ ಮಂದೀನ ಕರದು ತೋರಿಸ್ಯಾಳ. ಆಕಿಗೆ ನಾ ಹೇಳಂಗಿಲ್ಲ. ಮಾರಿದವ್ರು ಬಂದು ಹೇಳ್ಲಿ."

ಮರುದಿನ ಬಿಸಿಲೇರುವ ಮೊದಲು, ಉಳಿದ ಲೋಹ ಇನ್ನೂ ಗಟ್ಟಿಯಿದ್ದಾಗಲೇ, ಪ್ರಯೋಗಾಲಯದ ಹೊಗೆ ಎಳೆಯುವ ಗೂಡಿನೊಳಗೆ ಅದನ್ನು ಮುಗಿಸಿದೆ. ಒಣ ಖನಿಜ ತೈಲದಲ್ಲಿ ಮುಳುಗಿಸಿ, ಹನಿ ಹನಿಯಾಗಿ ನೀರಿಲ್ಲದ ಆಲ್ಕೊಹಾಲ್ ಬಿಡುವುದು. ಗುಳ್ಳೆಗಳೇಳುತ್ತವೆ, ಅವು ನಿಂತ ಮೇಲೆ ಇನ್ನೊಂದು ಹನಿ. ಅವಸರ ಮಾಡಿದರೆ ತೈಲಕ್ಕೇ ಬೆಂಕಿ. ಅಟೆಂಡರ್ ಉಸುಕಿನ ಬಕೆಟ್ ಹಿಡಿದು ನನ್ನ ಹಿಂದೆಯೇ ನಿಂತಿದ್ದ. ಹೊಳಪು ಪೂರ್ತಿ ಹೋಗಿ, ಗುಳ್ಳೆ ಬರುವುದು ನಿಂತು, ತಳದಲ್ಲಿ ಮಾಸಲು ರಾಡಿ ಉಳಿಯುವ ತನಕ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ. ಆ ಹೊತ್ತಿನಲ್ಲಷ್ಟೇ ನನಗೆ ಸಿಟ್ಟಿರಲಿಲ್ಲ.

ಪ್ರಾಚಾರ್ಯರ ಕೋಣೆಗೆ ಹೋದ ಮೇಲೆ ಅದು ಇಮ್ಮಡಿಯಾಗಿ ಮರಳಿತು. ಎಲ್ಲ ಕೇಳಿಸಿಕೊಂಡು ಅವರು ಬಾಗಿಲು ಹಾಕಿಸಿದರು.

"ಕಾಲೇಜಿನ ಹೆಸರು ಹೊರಗ ಬರಬಾರ್ದು. ಬೀಗ ಒಡದಾಂವ ಅಟೆಂಡರ್. ಅವಗ ನೋಟಿಸ್ ಕೊಟ್ಟು, ಕೇಳದ ಮಾರ್ಯಾನ ಅಂತ..."

"ಸರ್." ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಒಡೀ ಅಂದವ್ರು ನೀವು. ಮೇಡಮ್ಮಗ ಫೋನ್ ಹಚ್ಚಲೇನು ಅಂತ ಅಂವ ಕೇಳಿದ್ದ. ಬ್ಯಾಡ ಅಂದವ್ರೂ ನೀವ. ಅವಗ ನೋಟಿಸ್ ಕೊಟ್ರ, ನಾ ಆ ಪತ್ತಾರನ್ನ ಕೈಗೆ ಪಟ್ಟಿ ಸುತ್ತಿದ್ದಂಗ ಕರ್ಕೊಂಡು ಬಂದು ಆಡಳಿತ ಮಂಡಳಿ ಮುಂದ ನಿಂದ್ರಸ್ತೀನಿ. ಇಲ್ಲಂದ್ರ ಈಗ ನಿಮ್ಮ ಕಾರ್ ತಗೀರಿ. ಟಿಕೋಟಾಕ್ಕ ಹೋಗೂಣು."

"ಅಲ್ಲಿ ಯಾಕ?"

"ಅಲ್ಲೊಬ್ಬಾಕಿ ಅದಕ್ಕ ಪೂಜಿ ಮಾಡ್ಯಾಳ. ಆಕಿಗೆ ಹೇಳಬೇಕು. ಮಾರಿದವ್ರ ಹೇಳಬೇಕಂತ."

ನನ್ನ ನೌಕರಿ ಜೀವನದಲ್ಲಿ ಮೇಲಿನವರಿಗೆ ಹೀಗೆ ಮಾತಾಡಿದ್ದು ಅದೇ ಮೊದಲು. ಅವರು ಕಾರಿನ ಕೀಲಿ ತೆಗೆದುಕೊಂಡರು.

ಟಿಕೋಟಾದ ಶೆಡ್ಡಿನ ಮುಂದೆ ಮುದುಕಿ ಹೊರಸಿನ ಮೇಲೆ ಕುಳಿತಿದ್ದಳು. ಮಗ ದೂರ ನಿಂತ. ಪ್ರಾಚಾರ್ಯರು ಸಭೆಯಲ್ಲಿ ಮಾತಾಡುವ ಕನ್ನಡದಲ್ಲಿ ಶುರು ಮಾಡಿದರು: "ನೋಡಿ ಅಮ್ಮಾ, ನಿರ್ವಹಣೆಯಲ್ಲಿ ಒಂದು ಸಣ್ಣ ಲೋಪ ಆಗಿದೆ. ಅದು ದೇವರಲ್ಲ. ಅತ್ಯಂತ ಅಪಾಯಕಾರಿಯಾದ ಒಂದು ರಾಸಾಯನಿಕ ವಸ್ತು..."

"ಅಪಾಯ ಅಂತ ನಿಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲೇನೋ ಯಪ್ಪಾ?"

ಅವರು ನನ್ನತ್ತ ನೋಡಿದರು. ಸಹಾಯ ಬೇಕಾಗಿತ್ತು. ನಾನು ಜಾಳಿಗೆಗಳ ಮೇಲೆ ಒಣಗುತ್ತಿದ್ದ ದ್ರಾಕ್ಷಿಯನ್ನೇ ನೋಡುತ್ತ ನಿಂತೆ.

"ಇವರಿಗೆ... ಮೇಡಮ್ಮಾರಿಗೆ ಗೊತ್ತಿತ್ತು."

"ಗೊತ್ತಿದ್ದಾಕಿ ನಿಮ್ಮ ಮನಿಯಾಗ ಇದ್ಲು." ಮುದುಕಿಯ ದನಿ ಏರಲಿಲ್ಲ. "ಮಾರೂ ಮುಂದ ಆಕೀನ್ನ ಒಂದು ಮಾತು ಕೇಳಾಕ ನಿಮಗ ಏನಾಗಿತ್ತು?"

ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತಿದ್ದವು. ತಗಡು ಬಿಸಿಲಿಗೆ ಚಟಪಟ ಎನ್ನುತ್ತಿತ್ತು. ಪ್ರಾಚಾರ್ಯರು ಬೆವರು ಒರೆಸಿಕೊಂಡರು. ಮತ್ತೆ ಬಾಯಿ ತೆರೆದಾಗ ಸಭೆಯ ಕನ್ನಡ ಎಲ್ಲೋ ಹೋಗಿತ್ತು.

"ತಪ್ಪಾತಬೇ ಯವ್ವಾ. ಕೇಳಬೇಕಿತ್ತು. ಕೇಳ್ಲಿಲ್ಲ."

"ನನಗ್ಯಾಕ ಹೇಳ್ತಿ?" ಮುದುಕಿ ಎದ್ದು ಸೆರಗು ಸರಿಮಾಡಿಕೊಂಡಳು. "ಪತ್ತಾರನ ಕೈ ಸುಟ್ಟದ್ದು ಸಂತಿಗೆ ಹೋದವ್ರು ಹೇಳ್ಯಾರ. ನನ್ನ ಕೈಯೇನು ಸುಟ್ಟಿಲ್ಲ. ಬಬಲೇಶ್ವರದ ಹಾದಿ ಗೊತ್ತೈತಿಲ್ಲೊ? ಗೊತ್ತಿಲ್ಲಂದ್ರ ನನ್ನ ಮಗ ತೋರಿಸ್ತಾನ."

ಮಗ ಬಂದು ಏನೂ ಕೇಳದೆ ಮುಂದಿನ ಸೀಟಿನಲ್ಲಿ ಕುಳಿತ. ನಾನು ಹಿಂದೆ ಕುಳಿತೆ. ಪ್ರಾಚಾರ್ಯರು ಕಾರು ಶುರು ಮಾಡಿ, ವಿಜಯಪುರದ ರಸ್ತೆಯನ್ನು ಒಮ್ಮೆ ನೋಡಿ, ಬಬಲೇಶ್ವರದ ಕಡೆ ತಿರುಗಿಸಿದರು.